ಬೆಕ್ಕು ಕಚ್ಚಿದ ಹಾವನ್ನ ಮಳೆಗಾಲದಲ್ಲಿ ಉಳಿಸ್ಕೊಂಡಿದ್ದು – ನನ್ನ ಅನುಭವ

ನಾನು ಸಾಕಿರೋದು ಬಾಲ್ ಪೈಥಾನ್. ಆಫ್ರಿಕಾದ ಹಾವು, ವಿಷ ಇಲ್ಲ, ಹೆದರಿದ್ರೆ ತಲೆ ಒಳಗಿಟ್ಕೊಂಡು ಸುತ್ತಿ ಕೂರುತ್ತೆ ಅಷ್ಟೆ. ಹಾವು ಸಾಕಿದೀನಿ ಅಂದ ಕೂಡ್ಲೆ ಎಲ್ರೂ ಕಾನೂನು ಕೇಳ್ತಾರೆ, ಅದಕ್ಕೆ ಮೊದ್ಲೇ ಹೇಳ್ಬಿಡ್ತೀನಿ. ನಮ್ಮ ಕೇರೆ, ನಾಗರ, ಹೆಬ್ಬಾವು ಇವನ್ನೆಲ್ಲ ಮನೇಲಿ ಇಟ್ಕೊಳ್ಳೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬಾಲ್ ಪೈಥಾನ್ ತರದ ಹೊರದೇಶದ ಹಾವಿಗೆ 2024ರ ರೂಲ್ಸ್ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟ್ರೇಷನ್ ಆಗಿರ್ಬೇಕು, ನಂದು ಆಗಿದೆ.

ಬೆಕ್ಕು ಅಮ್ಮಂದು. ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೇಲಿ, ಅಡಿಕೆ ಮನೆ ಅಂದ್ಮೇಲೆ ಇಲಿ ಇದ್ದೇ ಇರುತ್ತೆ, ಬೆಕ್ಕು ಬೇಡ ಅನ್ನೋ ಮಾತೇ ಇಲ್ಲ. ಪುನರ್ವಸು ಮಳೆ ಹೊಡೀತಿದ್ದಾಗ ಟಬ್ಬಿನ ಕ್ಲಿಪ್ ಮುರಿದು ಹಾವು ಹೊರಗೆ ಬಂದಿತ್ತು, ಬೆಕ್ಕಿನ ಬಾಯಿಗೆ ಸಿಕ್ತು. ಬಿಡಿಸ್ಕೊಂಡು ನೋಡಿದಾಗ ಬೆನ್ನ ಮೇಲೆ ಉದ್ದಕ್ಕೆ ಉಗುರಲ್ಲಿ ಸೀಳಿದ ಗಾಯ, ರಕ್ತ, ಅಮ್ಮ ಅದನ್ನ ನೋಡೇ ಗಾಬರಿ.

ಆದ್ರೆ ಹೆದರ್ಬೇಕಾಗಿದ್ದು ಆ ಗಾಯಕ್ಕಲ್ಲ. ಉಗುರಿನ ಗಾಯ ಮೇಲ್ಮೇಲೆ ಇರುತ್ತೆ, ಕಣ್ಣಿಗೆ ಕಾಣುತ್ತೆ, ತೊಳೀಬೋದು. ಹಲ್ಲಿನ ತೂತು ಹಾಗಲ್ಲ, ಬೆಕ್ಕಿನ ಕೋರೆಹಲ್ಲು ಸೂಜಿ ತರ ಆಳಕ್ಕೆ ಇಳಿಯುತ್ತೆ, ಚರ್ಮ ವಾಪಸ್ ಮುಚ್ಕೊಳ್ಳುತ್ತೆ, ಬೆಕ್ಕಿನ ಬಾಯಲ್ಲಿರೋ ಪಾಶ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಒಳಗೇ ಉಳ್ಕೊಂಡ್ಬಿಡುತ್ತೆ. ಹಾವಿನ ಮೈಮೇಲೆ ಮೀನಿನ ತರ ಹುರುಪೆ ಪದರ ಬೇರೆ, ಅದರಡಿ ತೂತು ಕಾಣೋದೇ ಇಲ್ಲ. ನಾನು ಟಾರ್ಚ್ ಹಿಡ್ಕೊಂಡು ತಲೆಯಿಂದ ಬಾಲದ ತನಕ ಬೆರಳಾಡಿಸ್ತಾ ಹೋದೆ, ಎಲ್ಲಿ ಒಂದು ಪದರದ ಅಂಚು ಎದ್ದಿದೆ, ಎಲ್ಲಿ ಸಾಸಿವೆಯಷ್ಟು ರಕ್ತ ಒಣಗಿದೆ ಅಂತ ನೋಡ್ತಾ. ಒಂದು ತೂತು ಸಿಕ್ಕಿದ್ರೆ ಅದರ ಜೋಡಿ ತೂತು ಪಕ್ಕದಲ್ಲೋ ಹೊಟ್ಟೆ ಕಡೆಗೋ ಇದ್ದೇ ಇರುತ್ತೆ, ಹುಡುಕ್ಲೇಬೇಕು. ಜೊತೆಗೆ ನಾಲಿಗೆ ಆಡಿಸ್ತಿದೆಯಾ, ಬಾಲ ಮುಟ್ಟಿದ್ರೆ ಎಳ್ಕೊಳ್ಳುತ್ತಾ, ಮೆಲ್ಲಗೆ ಮಗುಚಿದ್ರೆ ತಾನೇ ತಿರುಗುತ್ತಾ ನೋಡ್ದೆ. ತಿರುಗಿಲ್ಲ ಅಂದ್ರೆ ಬೆನ್ನೆಲುಬಿಗೆ ಪೆಟ್ಟಾಗಿರೋ ಸಾಧ್ಯತೆ. ಬಾಯಿ ತೆರ್ಕೊಂಡು ಉಸಿರಾಡಿದ್ರೆ, ಮೂಗಲ್ಲಿ ಗುಳ್ಳೆ ಬಂದ್ರೆ ಶ್ವಾಸಕೋಶಕ್ಕೆ ತಾಗಿರ್ಬೋದು, ಅಂಥದ್ದಕ್ಕೆ ಮನೇಲಿ ಒಂದು ನಿಮಿಷನೂ ಕಾಯ್ಬಾರ್ದು. ನಮ್ಮದಕ್ಕೆ ಹಲ್ಲಿನ ತೂತು ಬಿಟ್ರೆ ಅದೆಂತದೂ ಇರ್ಲಿಲ್ಲ ಪುಣ್ಯಕ್ಕೆ.

ತೊಳಿಯೋಕೆ ಪೊವಿಡೋನ್ ಅಯೋಡಿನ್, ನೀರಲ್ಲಿ ಬೆರೆಸಿ ತಿಳಿ ಟೀ ಡಿಕಾಕ್ಷನ್ ಬಣ್ಣಕ್ಕೆ ತರ್ಬೇಕು, ಅದಕ್ಕಿಂತ ಗಟ್ಟಿ ಬೇಡ. ಪಕ್ಕದ ಮನೆಯವ್ರು ಅರಿಶಿನ ಮೆತ್ತಿ ಅಂದ್ರು, ಇನ್ನೊಬ್ರು ಡೆಟಾಲ್ ಅಂದ್ರು, ಎರಡೂ ಬೇಡ. ಅರಿಶಿನ ತೂತಿನ ಬಾಯಿ ಕಟ್ಟುತ್ತೆ, ಡೆಟಾಲ್, ಫಿನಾಯ್ಲ್ ಜಾತಿಯವು ಹಾವಿಗೆ ವಿಷ ಇದ್ದ ಹಾಗೆ. ಹೈಡ್ರೋಜನ್ ಪೆರಾಕ್ಸೈಡೂ ದಿನಾ ಹಾಕೋದಲ್ಲ, ಹೊಸ ಚರ್ಮನೇ ಸುಡುತ್ತೆ. ನೋವಿಗೆ ಅಂತ ಮರಗಟ್ಟಿಸೋ ಔಷಧಿ ಸೇರಿಸಿರೋ ಮುಲಾಮು ಸಿಗುತ್ತಲ್ಲ, ಅದನ್ನೂ ಮುಟ್ಟಬೇಡಿ.

ಬೆಳಿಗ್ಗೆ ಎದ್ದು ಸೀದಾ ಶಿವಮೊಗ್ಗ, ವೆಟರ್ನರಿ ಕಾಲೇಜಿಗೆ. ದಿಂಬಿನ ಕವರಲ್ಲಿ ಹಾವು ಹಾಕಿ ಕವರಿನ ಬಾಯಿ ಕಟ್ಟಿ ಅದನ್ನ ಡಬ್ಬದಲ್ಲಿಟ್ಕೊಂಡು ಹೋಗಿದ್ದು. ಹೋಗೋ ಮುಂಚೆ ಅಡುಗೆ ಮನೆ ಡಿಜಿಟಲ್ ತಕ್ಕಡೀಲಿ ತೂಕ ಮಾಡಿದ್ದೆ, ಇದು ತುಂಬಾ ಉಪಯೋಗಕ್ಕೆ ಬಂತು, ಯಾಕಂದ್ರೆ ಔಷಧಿ ಲೆಕ್ಕ ಎಲ್ಲ ತೂಕದ ಮೇಲೆ. ಡಾಕ್ಟ್ರು ಕೊಟ್ಟಿದ್ದು ಸೆಫ್ಟಾಜಿಡೀಮ್ ಅನ್ನೋ ಆಂಟಿಬಯಾಟಿಕ್ ಇಂಜೆಕ್ಷನ್, ಸಾಮಾನ್ಯವಾಗಿ ಹಾವಿಗೆ ಕಿಲೋಗೆ 20 ಮಿಲಿಗ್ರಾಂ ಲೆಕ್ಕದಲ್ಲಿ, ಅದೂ ದಿನಾ ಅಲ್ಲ, 72 ಗಂಟೆಗೊಂದು. ಹಾವಿನ ಮೈಯಲ್ಲಿ ಔಷಧಿ ಅಷ್ಟು ನಿಧಾನಕ್ಕೆ ಖಾಲಿ ಆಗೋದು. ಚುಚ್ಚೋದು ಮೈಯ ಮುಂದಿನ ಭಾಗಕ್ಕೇ, ಹಿಂದಿನ ಭಾಗದ ರಕ್ತ ಮೊದ್ಲು ಕಿಡ್ನಿ ಕಡೆ ಹೋಗುತ್ತೆ ಅಂತ. ಇದನ್ನ ಓದಿ ಮೆಡಿಕಲ್ ಶಾಪಿಗೆ ಹೋಗಿ ನೀವೇ ತಂದು ಚುಚ್ಚೋಕೆ ಹೋಗ್ಬೇಡಿ ಮಾರಾಯ್ರೆ, ಡಾಕ್ಟ್ರು ಎದುರಲ್ಲೇ ಕಲೀರಿ, ನಾನೂ ಹಾಗೇ ಕಲ್ತಿದ್ದು. ಮೇಲಿಂದ ಹಚ್ಚೋಕೆ ಸಿಲ್ವರ್ ಸಲ್ಫಾಡಯಜಿನ್ ಕ್ರೀಮ್, ಸುಟ್ಟ ಗಾಯಕ್ಕೆ ಹಚ್ತಾರಲ್ಲ ಅದೇ.

ಇಲ್ಲಿವರೆಗೆ ಎಲ್ಲ ಸುಲಭ. ಕಷ್ಟ ಶುರುವಾಗಿದ್ದು ಮನೆಗೆ ಬಂದ್ಮೇಲೆ, ಯಾಕಂದ್ರೆ ಹಾವಿಗೆ ಸ್ವಂತ ಮೈಬಿಸಿ ಇಲ್ಲ. ಮೈ ತಣ್ಣಗಿದ್ರೆ ಗಾಯ ಮಾಯಲ್ಲ, ರೋಗ ತಡಿಯೋ ಶಕ್ತಿ ಏಳಲ್ಲ, ಹಾಕಿದ ಆಂಟಿಬಯಾಟಿಕ್ಕೂ ದಂಡ. ಬಾಲ್ ಪೈಥಾನಿಗೆ ಬಿಸಿ ಮೂಲೆ 31–32 ಡಿಗ್ರಿ ಇರ್ಬೇಕು, ತಂಪು ಮೂಲೆ 26ರ ಕೆಳಗೆ ಇಳೀಬಾರ್ದು, ಗಾಯ ಆದಾಗ ರಾತ್ರಿನೂ ಇಳಿಸೋ ಹಾಗಿಲ್ಲ. ಬೆಂಗಳೂರಲ್ಲಿ ಇರೋರಿಗೆ ಹೀಟ್ ಮ್ಯಾಟ್, ಥರ್ಮೋಸ್ಟಾಟ್ ಹಾಕಿದ್ರೆ ಮುಗೀತು. ನಮ್ಮಲ್ಲಿ ಆ ಮಳೇಲಿ ಒಂದು ಮರ ಲೈನ್ ಮೇಲೆ ಬಿದ್ರೆ ಕರೆಂಟು ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಇನ್ವರ್ಟರ್ ಎಷ್ಟು ಹೊತ್ತು ಎಳೆಯುತ್ತೆ. ಮೀನು ಮಾರೋರ ಹತ್ರ ದೊಡ್ಡ ಥರ್ಮಾಕೋಲ್ ಬಾಕ್ಸ್ ಇಸ್ಕೊಂಡು ತೊಳೆದು ಬಿಸಿಲಿಲ್ಲದ ಬಿಸಿಲಲ್ಲಿ ಒಣಗಿಸಿ, ಗಾಳಿಗೆ ತೂತು ಮಾಡಿ, ಹಾವಿನ ಟಬ್ಬನ್ನೇ ಅದರೊಳಗೆ ಇಟ್ಟೆ. ಬಚ್ಚಲ ಒಲೆ ಹೆಂಗೂ ದಿನಪೂರ್ತಿ ಉರೀತಿರುತ್ತೆ, ಹಂಡೆಯಿಂದ ಬಿಸಿನೀರು ಬಾಟ್ಲಿಗೆ ತುಂಬಿ ಬಟ್ಟೆ ಸುತ್ತಿ ಟಬ್ಬಿನ ಹೊರಗೆ ಒಂದೇ ಮಗ್ಗುಲಿಗೆ ಇಡೋದು, ಹಾವಿಗೆ ಬಿಸಿ ಜಾಸ್ತಿ ಅನ್ಸಿದ್ರೆ ಆಚೆ ಮಗ್ಗುಲಿಗೆ ಸರಿಯೋಕೆ ಜಾಗ ಇರ್ಬೇಕಲ್ಲ. ಟಬ್ಬೊಳಗೆ ಥರ್ಮಾಮೀಟರ್ ಇಲ್ದೆ ಇದನ್ನ ಮಾಡ್ಲೇಬೇಡಿ. ರಾತ್ರಿ ಎದ್ದೆದ್ದು ಬಾಟ್ಲಿ ಬದಲಾಯ್ಸೋದು ನೋಡಿ ಅಮ್ಮ, "ಬಾಣಂತನನೂ ಹಿಂಗ್ ಮಾಡ್ಲಿಲ್ಲ ನಾನು" ಅಂದ್ರು. ಆದ್ರೆ ಬೆಳಗಿನ ಜಾವದ ಬಾಟ್ಲಿ ತುಂಬಿಟ್ಟಿರ್ತಿದ್ದಿದ್ದು ಅವ್ರೇ.

ಬಿಸಿಯಿಂದ ಇನ್ನೊಂದು ಲಾಭ, ಡಬ್ಬದೊಳಗಿನ ಗಾಳಿ ಬಿಸಿ ಆದಷ್ಟೂ ತೇವಾಂಶ ಇಳಿಯುತ್ತೆ. ಬೇರೆ ಊರಿನೋರು ಬಾಲ್ ಪೈಥಾನಿಗೆ ತೇವ ಹೆಚ್ಚು ಮಾಡೋಕೆ ನೀರು ಸಿಂಪಡಿಸ್ತಾರೆ, ನಮ್ಮಲ್ಲಿ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಷ್ಟು. ತೆರೆದ ಗಾಯದ ಕೆಳಗೆ ಒದ್ದೆ ಇದ್ರೆ ಪದರ ಕೊಳೆಯೋಕೆ ಶುರುವಾಗುತ್ತೆ. ಹಾಗಾಗಿ ತೆಂಗಿನ ನಾರಿನ ಪುಡಿ ಎಲ್ಲ ತೆಗ್ದು ಬರೀ ಪೇಪರ್ ಹಾಸಿದ್ದು, ಒದ್ದೆ ಆದ ಕೂಡ್ಲೆ ಬದ್ಲು. ಕುಡಿಯೋ ನೀರಿನ ಬಟ್ಟಲು ಸಣ್ಣದು, ಹಾವು ಅದರೊಳಗೆ ಇಳಿದು ಮಲಗೋಕೆ ಆಗ್ಬಾರ್ದು. ಈ ನಡುವೆ ನಾಗರಪಂಚಮಿ ಬಂತು, ಅಜ್ಜಿ ಒಂದು ಲೋಟ ಹಾಲು ತಂದಿಟ್ರು, ಹಾವು ಹಾಲು ಕುಡಿಯಲ್ಲ ಅಂತ ಅವ್ರಿಗೆ ಹೇಳೋದ್ರಲ್ಲಿ ಅರ್ಥ ಇಲ್ಲ, ಬೆಕ್ಕು ಕುಡೀತು.

ಊಟಕ್ಕೆ ಅವಸರ ಮಾಡ್ಲಿಲ್ಲ. ಆರೋಗ್ಯವಾಗಿರೋ ದೊಡ್ಡ ಬಾಲ್ ಪೈಥಾನ್ ವಾರಗಟ್ಟಲೆ ತಿನ್ನದೆ ಇರುತ್ತೆ, ಇಲಿ ನುಂಗಿದ್ರೆ ಗಾಯದ ಹತ್ರ ಚರ್ಮ ಎಳೆದು ಮತ್ತೆ ಬಾಯಿ ಬಿಡುತ್ತೆ. ತೂತು ಪೂರ್ತಿ ಕೂಡ್ಕೊಂಡ್ಮೇಲೆ, ಮಾಮೂಲಿಗಿಂತ ಸಣ್ಣ ಇಲಿಮರಿ, ಅದೂ ಸತ್ತಿದ್ದೇ ಕೊಟ್ಟೆ. ಜೀವಂತ ಇಲಿ ಬಿಟ್ರೆ ಅದು ಕಚ್ಚಿ ಇನ್ನೊಂದು ಗಾಯ.

ಮೇಲೆ ಮಾಯ್ದಿದೆ ಅಂತ ನೋಡೋದು ಬಿಡೋ ಹಾಗಿಲ್ಲ. ಹಾವಿನ ಕೀವು ನಮ್ಮ ತರ ನೀರಾಗಿ ಸೋರಲ್ಲ, ಒಳಗೇ ಗಟ್ಟಿ ಗಡ್ಡೆಯಾಗಿ ಕೂರುತ್ತೆ, ಮಾತ್ರೆ ಇಂಜೆಕ್ಷನ್‌ಗೆ ಕರಗಲ್ಲ, ಡಾಕ್ಟ್ರು ಕೊಯ್ದೇ ತೆಗೀಬೇಕು. ಹಾಗಾಗಿ ಇಂಜೆಕ್ಷನ್ ಕೋರ್ಸ್ ಮುಗಿದ್ಮೇಲೂ ತೂತಿದ್ದ ಜಾಗ ಒತ್ತಿ ನೋಡ್ತಿದ್ದೆ. ಗಾಯ ಆದ ಹಾವು ಬೇಗ ಬೇಗ ಪೊರೆ ಬಿಡೋದೂ ಉಂಟು, ನಮ್ಮದೂ ಬಿಡ್ತು. ಗಾಯದ ಹತ್ರ ಮಾತ್ರ ಪೊರೆ ಅಂಟ್ಕೊಂಡಿತ್ತು, ಕಿತ್ರೆ ಹೊಸ ಚರ್ಮನೂ ಬರುತ್ತೆ, ಉಗುರುಬೆಚ್ಚಗಿನ ಒದ್ದೆ ಬಟ್ಟೆ ಒಳಗೆ ಓಡಾಡೋಕೆ ಬಿಟ್ರೆ ತಾನೇ ಬಂತು. ಆಮೇಲಿನ ಪೊರೆ ಪೂರ್ತಿ ಬಂತು, ಆ ಜಾಗದ ಪದರ ಈಗ್ಲೂ ಅಡ್ಡಾದಿಡ್ಡಿ, ಅದು ಹಾಗೇ ಇರುತ್ತೆ.

ಬೆಕ್ಕು ಹೊರಗಿಂದ ಹಾವು ಹಿಡ್ಕೊಂಡು ಬಂದ್ರೆ ಇದ್ಯಾವುದನ್ನೂ ಮಾಡೋಕೆ ಹೋಗ್ಬೇಡಿ. ನಮ್ಮ ಕಡೆ ನೀರೊಳ್ಳೆನೂ ಬರುತ್ತೆ, ಮಂಡಲದ ಮರಿನೂ ಬರುತ್ತೆ, ಅರ್ಧ ಸತ್ತಿರೋ ಹಾವೂ ಕಚ್ಚುತ್ತೆ. ದೂರದಿಂದ ಬಕೆಟ್ ಕವುಚಿ ಹಾಕಿ ಬೆಕ್ಕನ್ನ ಒಳಗೆ ಕೂಡಿ, ಅರಣ್ಯ ಇಲಾಖೆಗೆ ಇಲ್ಲಾ ಊರಲ್ಲಿ ಹಾವು ಹಿಡಿಯೋರಿಗೆ ಫೋನ್ ಮಾಡಿ.