ಐ.ಪಿ. ಹಾಕುವ ಮುನ್ನ: ಸಾಲ ತೀರಿಸಲಾಗದವರಿಗೆ ಇರುವ ದಾರಿಗಳು

ಕರ್ನಾಟಕದ ಗಡಿಗೆ ಹತ್ತಿರದ ಆಂಧ್ರದ ಊರುಗಳಾದ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಾಗಲಿ, ರಾಯದುರ್ಗದ ಜೀನ್ಸ್ ಹೊಲಿಗೆಯ ಓಣಿಗಳಲ್ಲಾಗಲಿ, ವ್ಯಾಪಾರ ಮುಗ್ಗರಿಸಿದವರ ಕುರಿತು 'ಐ.ಪಿ. ಹಾಕಿದ' ಎಂಬ ಮಾತು ಬೈಗುಳದಂತೆ ಓಡಾಡುತ್ತದೆ. ಐ.ಪಿ. ಎಂದರೆ ದಿವಾಳಿ ಎಂದು ಘೋಷಿಸುವಂತೆ ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿ. ಅದು ಕಾನೂನು ಕೊಟ್ಟಿರುವ ಹಕ್ಕು. ಆದರೆ ಎಲ್ಲ ಸಾಲಕ್ಕೂ ಅದೇ ಮದ್ದಲ್ಲ.

ಮೊದಲು ಯಾವ ಕಾನೂನು ಅನ್ವಯಿಸುತ್ತದೆ ಎಂಬ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಮೂರು ಬಗೆಯ ಪರಿಹಾರಗಳಿವೆ: ವರ್ಷಕ್ಕೆ 60,000 ರೂಪಾಯಿ ಮೀರದ ಆದಾಯ, 20,000 ಮೀರದ ಆಸ್ತಿ, 35,000 ಮೀರದ ಸಾಲ ಇರುವ, ಸ್ವಂತ ಮನೆಯಿಲ್ಲದ ಬಡವರಿಗೆ ಸಾಲಮನ್ನಾ, ಮರುಪಾವತಿ ಯೋಜನೆ, ಕೊನೆಗೆ ಪೂರ್ಣ ದಿವಾಳಿ. ಓದಲು ಚೆನ್ನಾಗಿದ್ದರೂ, ಈ ಭಾಗ (ಸಾಲಮನ್ನಾ ಹೊರತುಪಡಿಸಿ) ಡಿಸೆಂಬರ್ 2019ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಈ ಕಡೆಯ ಉಳಿದವರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ.

ಆದ್ದರಿಂದ ಮೊದಲ ಕೆಲಸ ವಕೀಲರನ್ನು ಹುಡುಕುವುದಲ್ಲ, ಸಾಲಗಳನ್ನು ವಿಂಗಡಿಸುವುದು. ಮನೆ, ವಾಹನ, ಬಂಗಾರ ಒತ್ತೆಯಿಟ್ಟು ತಂದ ಸಾಲಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಐ.ಪಿ. ಹಾಕಿದರೂ ಒತ್ತೆಯ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೆಯೇ ಉಳಿಯುತ್ತದೆ. ಸರ್ಕಾರಕ್ಕೆ ಕೊಡಬೇಕಾದದ್ದು, ಹೆಂಡತಿ ಮಕ್ಕಳಿಗೆ ನ್ಯಾಯಾಲಯ ವಿಧಿಸಿದ ಜೀವನಾಂಶ, ಮೋಸದಿಂದ ಮಾಡಿದ ಸಾಲ ಎರಡನೇ ಹಾಳೆಗೆ. ನ್ಯಾಯಾಲಯ ದಿವಾಳಿಯಾದವನನ್ನು ಸಾಲಗಳಿಂದ ಬಿಡುಗಡೆ ಮಾಡಿದ ಮೇಲೂ ಇವು ಬೆನ್ನು ಬಿಡುವುದಿಲ್ಲ. ಚೆಕ್ ಬೌನ್ಸ್‌ನ ಕ್ರಿಮಿನಲ್ ಮೊಕದ್ದಮೆಯೂ ಐ.ಪಿ.ಯಿಂದ ತಾನಾಗಿ ನಿಲ್ಲದು. ಮೂರನೇ ಹಾಳೆಯಲ್ಲಿ ಉಳಿಯುವ ಕೈಸಾಲ, ಪ್ರೋನೋಟು (ಸಾಲ ತೀರಿಸುವುದಾಗಿ ಬರೆದುಕೊಟ್ಟ ಪತ್ರ), ಚೀಟಿ ಬಾಕಿ, ಅಂಗಡಿಗಳ ಉದ್ದರಿ ಇವುಗಳಿಗಷ್ಟೇ ಐ.ಪಿ. ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆ ಹಾಳೆ ಚಿಕ್ಕದಾಗಿದ್ದರೆ ಐ.ಪಿ. ಹಾಕುವುದು ವ್ಯರ್ಥ.

ಸಾಲ ಕೊಟ್ಟವರು ನಾಲ್ಕಾರು ಮಂದಿಯೇ ಆಗಿದ್ದು, ಕಂತಿನಲ್ಲಾದರೂ ಅಸಲು ತೀರಿಸುವ ಶಕ್ತಿಯಿದ್ದರೆ, ರಾಜಿಯಿಂದ ವ್ಯಾಜ್ಯ ಬಗೆಹರಿಸುವ ಲೋಕ ಅದಾಲತ್ ಉತ್ತಮ. ಅಲ್ಲಿ ಶುಲ್ಕವಿಲ್ಲ, ಒಪ್ಪಂದಕ್ಕೆ ನ್ಯಾಯಾಲಯದ ತೀರ್ಪಿನ (ಡಿಕ್ರಿಯ) ಬೆಲೆಯಿದೆ, ಮೇಲ್ಮನವಿಗೆ ಅವಕಾಶವಿಲ್ಲ.

ಅದು ಆಗದೆಂದು ಖಚಿತವಾದರೆ ಐ.ಪಿ.ಯೇ ದಾರಿ. ಸಾಲ 500 ರೂಪಾಯಿ ಮುಟ್ಟಿದರೆ ಸಾಕು ಎನ್ನುತ್ತದೆ ಕಾಯ್ದೆ. ನೂರು ವರ್ಷದ ಹಿಂದಿನ ಈ ಅಂಕಿ ಈಗ ಯಾರನ್ನೂ ತಡೆಯುವುದಿಲ್ಲ. ಸಾಲ ಮಾಡಿದವನು ವಾಸಿಸುವ ಅಥವಾ ದುಡಿಯುವ ಊರಿನ ಮೇಲೆ ಅಧಿಕಾರವುಳ್ಳ ಜಿಲ್ಲಾ ನ್ಯಾಯಾಲಯದಲ್ಲಿ, ಇಲ್ಲವೇ ಆ ಅಧಿಕಾರ ಪಡೆದ ಕೆಳಗಿನ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಬೇಕು. ಸಾಲ ಕೊಟ್ಟವರು ಬಳ್ಳಾರಿಯವರೆಂದು ಪಟ್ಟಿಯಿಂದ ಬಿಡುವಂತಿಲ್ಲ, ಬಳ್ಳಾರಿಯಲ್ಲಿರುವ ಸೈಟನ್ನು ಮರೆಮಾಚುವಂತೆಯೂ ಇಲ್ಲ. ಗಡಿಯಲ್ಲಿ ಹೆಚ್ಚಾಗಿ ಎಡವುವುದು ಇಲ್ಲಿಯೇ. ಅರ್ಜಿಗೆ ಮುಂಚಿನ ಎರಡು ವರ್ಷಗಳಲ್ಲಿ ತಕ್ಕ ಬೆಲೆಯಿಲ್ಲದೆ ಹೆಂಡತಿಯ ಅಥವಾ ತಮ್ಮನ ಹೆಸರಿಗೆ ಬರೆದುಕೊಟ್ಟ ಆಸ್ತಿಯನ್ನೂ, ಮೂರು ತಿಂಗಳೊಳಗೆ ಒಬ್ಬರಿಗೇ ಒಲವು ತೋರಿ ತೀರಿಸಿದ ಸಾಲವನ್ನೂ ನ್ಯಾಯಾಲಯ ರದ್ದುಪಡಿಸಬಹುದು.

ದಿವಾಳಿ ಆದೇಶವಾದೊಡನೆ ಆಸ್ತಿ ನ್ಯಾಯಾಲಯದ ಅಥವಾ ಅದು ಆಸ್ತಿ ನೋಡಿಕೊಳ್ಳಲು ನೇಮಿಸಿದ ರಿಸೀವರ್‌ನ ವಶಕ್ಕೆ ಹೋಗುತ್ತದೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಕಸುಬಿನ ಉಪಕರಣ, ರೈತನಾದರೆ ವಾಸದ ಮನೆ ಮತ್ತು ಉಳುಮೆಯ ಎತ್ತುಗಳು ಜಪ್ತಿಗೆ ಹೊರತು. ಈ ಹಂತದಲ್ಲಿ ಇನ್ನೊಂದು ಆಯ್ಕೆಯೂ ಇದೆ: ರೂಪಾಯಿಗೆ ಇಷ್ಟು ಪೈಸೆ ಕೊಡುತ್ತೇನೆಂಬ ರಾಜಿ ಪ್ರಸ್ತಾಪ. ಸಾಲ ಸಾಬೀತುಪಡಿಸಿ ಸಭೆಗೆ ಬಂದವರಲ್ಲಿ ತಲೆ ಎಣಿಕೆಯ ಬಹುಮತವೂ, ಮೊತ್ತದಲ್ಲಿ ನಾಲ್ಕರಲ್ಲಿ ಮೂರು ಪಾಲೂ ಒಪ್ಪಿ, ನ್ಯಾಯಾಲಯ ಅನುಮೋದಿಸಿದರೆ ಒಪ್ಪದಿದ್ದವರೂ ಅದಕ್ಕೆ ಬದ್ಧರು. ಬರುವ ಹಂಗಾಮಿನಲ್ಲಿ ಅಂಗಡಿ ಮತ್ತೆ ತೆರೆಯುವ ಆಸೆಯುಳ್ಳವರು ಪೂರ್ಣ ದಿವಾಳಿಗಿಂತ ಇದನ್ನೇ ಆರಿಸಿಕೊಳ್ಳುವುದು ಲೇಸು.

ಜಾಮೀನು ನಿಂತವರಿಗೆ ಮಾತ್ರ ನಿಮ್ಮ ಬಿಡುಗಡೆಯಿಂದ ಬಿಡುಗಡೆಯಿಲ್ಲ. ಅರ್ಜಿ ಹಾಕುವ ಮೊದಲೇ ಅವರಿಗೆ ತಿಳಿಸುವುದು ಮರ್ಯಾದೆ.

ಆದೇಶ ಸಿಕ್ಕಿತೆಂದು ಸುಮ್ಮನೆ ಕೂರಬಾರದು. ಅದರಲ್ಲಿ ಸೂಚಿಸಿದ ಅವಧಿಯೊಳಗೆ ಬಿಡುಗಡೆಗೆ ಪ್ರತ್ಯೇಕ ಅರ್ಜಿ ಹಾಕದಿದ್ದರೆ ದಿವಾಳಿ ಆದೇಶವೇ ರದ್ದಾಗಿ, ಸಾಲ ಕೊಟ್ಟವರು ಮತ್ತೆ ವಸೂಲಿಗೆ ಇಳಿಯಬಹುದು. ಬಿಡುಗಡೆ ಸಿಗುವವರೆಗೆ, ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆಯುವುದು ಶಿಕ್ಷಾರ್ಹ ಅಪರಾಧ.