ಊರಿನ ತುರ್ತು ತಂಡಕ್ಕೆ ತರಬೇತಿ: ದುಡ್ಡು ಹೊಂದಿಸುವುದು ಹೇಗೆ?

ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗೆ 108 ಬರಬೇಕೆಂದರೆ ಮೊದಲು ಫೋನ್ ಮಾಡುವವರಿಗೆ ನೆಟ್‌ವರ್ಕ್ ಸಿಗಬೇಕು. ಆಮೇಲೆ ಡ್ರೈವರ್‌ಗೆ ದಾರಿ ಗೊತ್ತಾಗಬೇಕು. ಮಳೆಗಾಲವಾದರೆ ಧರೆ ಕುಸಿದಿರಬಾರದು, ರಸ್ತೆಗೆ ಮರ ಬಿದ್ದಿರಬಾರದು. ಅಲ್ಲಿಯವರೆಗೆ ರೋಗಿಯ ಪಕ್ಕ ಇರುವವರು ಊರಿನವರೇ. ಹೃದಯ ಬಡಿತ ನಿಂತರೆ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. ಎದೆ ಒತ್ತುವುದು ಗೊತ್ತಿರುವವರು ಪಕ್ಕದ ಮನೆಯಲ್ಲಿದ್ದರೆ ಮಾತ್ರ ಆಗ ಉಪಯೋಗ.

ಊರಿಗೊಂದು ತಂಡ ಬೇಕು ಅಂದರೆ ಯಾರೂ ಬೇಡ ಅನ್ನುವುದಿಲ್ಲ. ದುಡ್ಡು ಎಲ್ಲಿಂದ ಅಂದಾಗ ಮಾತು ನಿಲ್ಲುತ್ತದೆ. ಆಂಬುಲೆನ್ಸ್ ಕೊಡಿಸುವ ದಾನಿಗಳು ಹೇಗೋ ಸಿಗುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದಲ್ವಾ? ಜನರಿಗೆ ಕಲಿಸಲು ಕೊಡಿ ಅಂದರೆ ಕೈ ಹಿಂದೆ ಹೋಗುತ್ತದೆ. ಆದರೂ ದಾರಿಗಳಿವೆ.

ಮೊದಲು ಜನ, ಆಮೇಲೆ ದುಡ್ಡು

ಗ್ರಾಮದ ಮಜರೆಗಳನ್ನು (ಗ್ರಾಮಕ್ಕೆ ಸೇರಿದ ಸಣ್ಣ ಊರುಗಳನ್ನು) ಬರೆದುಕೊಂಡು, ಪ್ರತಿ ಮಜರೆಗೂ ಇಬ್ಬರ ಹೆಸರು ಹಾಕಿ. ಹಗಲಿಡೀ ಊರಲ್ಲೇ ಸಿಗುವವರು ಬೇಕು: ಆಶಾ, ಅಂಗನವಾಡಿ ಕಾರ್ಯಕರ್ತೆ, ಜೀಪು ಮತ್ತು ಆಟೊ ಓಡಿಸುವವರು, ಲೈನ್‌ಮನ್, ಹಾಲಿನ ಡೇರಿಯವರು, ಅಡಿಕೆ ಕೊನೆ ಇಳಿಸುವ ಕೊನೆಗಾರರು. ಕಾಲೇಜು ಹುಡುಗರನ್ನೇ ತುಂಬಿಸಬೇಡಿ. ಅವರಲ್ಲಿ ಅರ್ಧ ಜನ ಮುಂದಿನ ವರ್ಷ ಬೆಂಗಳೂರಿನಲ್ಲಿರುತ್ತಾರೆ.

ಜೊತೆಗೇ ನಿಮ್ಮ ಊರಿನಲ್ಲಿ ಏನೇನು ಆಗುತ್ತದೆ ಅನ್ನುವುದನ್ನೂ ಬರೆಯಿರಿ. ಅಡಿಕೆ ಮರದಿಂದ ಬೀಳುವುದು, ಕೊನೆ ಕೊಯ್ಯುವ ಉದ್ದ ದೋಟಿ ಕರೆಂಟ್ ತಂತಿಗೆ ತಾಗುವುದು, ಹಾವು ಕಚ್ಚುವುದು, ಹೆಜ್ಜೇನು ದಾಳಿ, ತಿರುವಿನಲ್ಲಿ ಬೈಕ್ ಅಪಘಾತ, ಎದೆನೋವು. ಈ ಪಟ್ಟಿ ಇಲ್ಲದೆ ಹೋದರೆ ಎಲ್ಲಿಯದೋ ಪಾಠ ನಿಮ್ಮೂರಿಗೆ ಬರುತ್ತದೆ.

ಎಷ್ಟು ಕಲಿಯಬೇಕು?

ಆಂಬುಲೆನ್ಸ್‌ನಲ್ಲಿರುವ ತುರ್ತು ವೈದ್ಯಕೀಯ ತಂತ್ರಜ್ಞರ ಕೋರ್ಸ್ ಬೇರೆ. ಅದು ಉದ್ಯೋಗಕ್ಕೆ ಓದುವವರದು. ಊರಿನ ತಂಡಕ್ಕೆ ಪ್ರಥಮ ಚಿಕಿತ್ಸೆ, ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವುದು), ರಕ್ತ ನಿಲ್ಲಿಸುವುದು, ಬೆನ್ನುಮೂಳೆಗೆ ಪೆಟ್ಟಾದವರನ್ನು ಎತ್ತುವ ಕ್ರಮ ಸಾಕು. ಇಂಜೆಕ್ಷನ್ ಕೊಡುವುದು ಇವರ ಕೆಲಸವಲ್ಲ.

ಹಾವಿನ ಕಡಿತಕ್ಕೆ ಮಾತ್ರ ಜಾಸ್ತಿ ಹೊತ್ತು ಕೇಳಿ. ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು ಇನ್ನೂ ಪೂರ್ತಿ ನಿಂತಿಲ್ಲ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ನಡೆಸದೆ, ವಿಷ ನಿರೋಧಕ ಔಷಧ ಇರುವ ಆಸ್ಪತ್ರೆಗೆ ಸಾಗಿಸುವುದೇ ಅಲ್ಲಿ ಮುಖ್ಯ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ದುಡ್ಡು ಕೇಳುವ ಅರ್ಜಿಯಲ್ಲಿ ಈ ಒಂದು ಸಾಲು ಇರಲಿ.

ಕಲಿಸಲು ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳಿವೆ, ಪ್ರಮಾಣಪತ್ರವೂ ಸಿಗುತ್ತದೆ. ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜಿಗೂ ಬರೆದು ಕೇಳಬಹುದು. ಪತ್ರ ತಾಲ್ಲೂಕು ಆರೋಗ್ಯಾಧಿಕಾರಿಯ ಮೂಲಕ ಹೋದರೆ ತೂಕ ಬೇರೆ.

ಬಜೆಟ್‌ನಲ್ಲಿ ಕೂಲಿ ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ತರಬೇತುದಾರರ ಶುಲ್ಕ, ಎದೆ ಒತ್ತಿ ಕಲಿಯುವ ಗೊಂಬೆಗಳ ಬಾಡಿಗೆ, ಊಟ, ಪುಸ್ತಕ, ಕಿಟ್ ಎಲ್ಲ ಬರೆಯುತ್ತಾರೆ. ಬಂದು ಕೂರುವವರ ದಿನಗೂಲಿ ಬರೆಯುವುದಿಲ್ಲ. 'ಸೇವೆ ಅಲ್ವಾ, ಬರ್ತಾರೆ ಬಿಡಿ' ಅನ್ನುತ್ತಾರೆ. ಮೊದಲ ದಿನ ಬರುತ್ತಾರೆ, ನಿಜ. ಎರಡನೇ ದಿನ ಕೊನೆಗಾರ ಮರ ಹತ್ತಲು ಹೋಗಿರುತ್ತಾನೆ, ಜೀಪಿನವನಿಗೆ ಬಾಡಿಗೆ ಸಿಕ್ಕಿರುತ್ತದೆ. ಕೊನೆಗೆ ಸರ್ಟಿಫಿಕೇಟ್ ಸಿಗುವುದು ಕೆಲಸ ಬಿಟ್ಟರೂ ನಡೆಯುವವರಿಗೆ. ಅಪಘಾತದ ಜಾಗದಲ್ಲಿ ಅವರು ಇರುವುದು ಕಡಿಮೆ.

ಲೆಕ್ಕ ಸುಲಭವಾಗಲಿ ಅಂತ ಹೀಗೆ ಹಿಡಿಯೋಣ: 20 ಜನ, ಎರಡು ದಿನ, ದಿನಕ್ಕೆ 600 ರೂಪಾಯಿ. ಕೂಲಿಯೇ 24,000 ರೂಪಾಯಿ ಆಯಿತು. ದೊಡ್ಡದೆನಿಸಿದರೂ ಅಳಿಸಬೇಡಿ. ಬೇಕಾದರೆ ಬ್ಯಾನರ್, ಹಾರ, ಶಾಲು ಅಳಿಸಿ. ಇನ್ನೊಂದು ಸಾಲು ಮುಂದಿನ ಮರುತರಬೇತಿಗೆ ಇರಲಿ. ಸಿಪಿಆರ್ ಕೈಯಿಂದ ಬೇಗ ಮರೆತುಹೋಗುತ್ತದೆ. ಹಲವು ಸಿಪಿಆರ್ ಪ್ರಮಾಣಪತ್ರಗಳ ಅವಧಿಯೂ ಎರಡೇ ವರ್ಷ.

ಯಾರ ಹತ್ತಿರ ಏನು ಕೇಳಬೇಕು?

ಒಬ್ಬರ ಹತ್ತಿರವೇ ಪೂರ್ತಿ ಕೇಳಿದರೆ ಸಿಗುವುದು ಕಷ್ಟ. ಬಜೆಟ್‌ನ ಒಂದೊಂದು ಸಾಲನ್ನು ಒಬ್ಬೊಬ್ಬರ ಮುಂದಿಡಿ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ (ಸ್ಥಳೀಯ ಅಗತ್ಯ ನೋಡಿ ಖರ್ಚು ಮಾಡುವ ಹಣ) ಇದೆ. ಸಣ್ಣ ಮೊತ್ತ. ಕಿಟ್ ತುಂಬಿಸಲು ಕೇಳಿ ನೋಡಿ. ನಿಮ್ಮ ಆಶಾ ಅದರಲ್ಲಿ ಇರುತ್ತಾರೆ, ಅವರನ್ನೇ ವಿಚಾರಿಸಿ.

ಗ್ರಾಮ ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ನೀರು, ನೈರ್ಮಲ್ಯಕ್ಕೆ ಮೀಸಲು. ಆದ್ದರಿಂದ ಪಂಚಾಯಿತಿಯ ಸ್ವಂತ ಸಂಪನ್ಮೂಲದ ಕಡೆ ಕಣ್ಣಿಡಿ. ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ತಯಾರಾಗುವ ಗ್ರಾಮಸಭೆಗಳು ಅಕ್ಟೋಬರ್‌ನಿಂದ ಶುರು. ಅಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ 'ಆಯ್ತು' ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬದಲಾದ ದಿನ ಮುಗಿಯುತ್ತದೆ.

ಮಲೆನಾಡಿನಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಸಹಕಾರ ಸಂಘಗಳ ಮೇಲೆ. ಕೃಷಿ ಪತ್ತಿನ ಸಂಘ, ಹಾಲಿನ ಸಂಘ, ಅಡಿಕೆ ಮಾರಾಟ ಸಂಘ. ಮರದಿಂದ ಬೀಳುವವರು ಅವುಗಳ ಸದಸ್ಯರೇ, ಇಲ್ಲವೇ ಸದಸ್ಯರ ತೋಟದ ಕೆಲಸಗಾರರು. ಸಾಮಾನ್ಯವಾಗಿ ಸೆಪ್ಟೆಂಬರ್ ಸುಮಾರಿಗೆ ನಡೆಯುವ ವಾರ್ಷಿಕ ಮಹಾಸಭೆಯಲ್ಲಿ ಲಾಭ ಹಂಚಿಕೆಯ ವಿಷಯ ಬರುತ್ತದೆ. ಬೈಲಾದಲ್ಲಿ ಧರ್ಮಾರ್ಥ ಅಥವಾ ಸದಸ್ಯರ ಕಲ್ಯಾಣದ ನಿಧಿ ಇದೆಯೇ ಅಂತ ಕಾರ್ಯದರ್ಶಿಯವರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಕೂಲಿಯ ಸಾಲನ್ನು ಇವರ ಮುಂದಿಡಿ. ಕೂಲಿ ಅಂದರೇನು ಅಂತ ಇವರಿಗೆ ವಿವರಿಸಬೇಕಾಗಿಲ್ಲ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ದೊಡ್ಡದು, ದಾರಿ ಉದ್ದ. 2013ರ ಕಂಪನಿ ಕಾಯ್ದೆಯ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆರೋಗ್ಯ ಅದರಲ್ಲಿ ಸೇರಿದೆ. ಆದರೆ ಆ ಹಣ ಯುವಕ ಸಂಘದ ಕೈಗೆ ನೇರವಾಗಿ ಬರುವುದಿಲ್ಲ. ಹಣ ಪಡೆಯುವ ಸಂಸ್ಥೆಗೆ 12ಎ (ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ) ನೋಂದಣಿ ಬೇಕು, ಸಿಎಸ್‌ಆರ್ ಹಣ ಪಡೆಯಲು ನೋಂದಾಯಿಸುವ ಸಿಎಸ್‌ಆರ್-1 ಅರ್ಜಿಯೂ ಆಗಿರಬೇಕು. ಇದಕ್ಕಾಗಿ ಹೊಸ ಟ್ರಸ್ಟ್ ಕಟ್ಟುವ ರಗಳೆ ಬೇಡ. ಈಗಾಗಲೇ ಇವೆಲ್ಲ ಇರುವ ಸಂಸ್ಥೆಯ ಜೊತೆ ಸೇರಿ, ಹತ್ತು ಗ್ರಾಮಗಳಿಗೆ ಒಟ್ಟಿಗೆ ಕೇಳಿ. ಒಂದೇ ಊರಿನ ಅರ್ಜಿಯನ್ನು ದೊಡ್ಡ ಕಂಪನಿ ತೆರೆದೂ ನೋಡುವುದಿಲ್ಲ.

ಸಂಸದರ ನಿಧಿಗೆ ಅಲೆಯಬೇಡಿ. ಅದು ಬಾಳಿಕೆ ಬರುವ ಆಸ್ತಿಗೆ. ಅದರಲ್ಲಿ ಆಂಬುಲೆನ್ಸ್ ಬರಬಹುದು, ತರಬೇತಿ ಬರುವುದಿಲ್ಲ.

ಊರಿಂದ ಹೊರಗೆ ದುಡಿಯುವ ಮಕ್ಕಳಿಂದಲೂ ಒಂದಿಷ್ಟು ಸೇರುತ್ತದೆ. 80ಜಿ ವಿನಾಯಿತಿ ಬೇಕೆನ್ನುವವರು 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಡಬಾರದು, ಬ್ಯಾಂಕ್ ಮೂಲಕವೇ ಹಾಕಲಿ. ಇಬ್ಬರ ಸಹಿಯ ಖಾತೆ ಇದ್ದರೆ ಮುಂದೆ ಮನಸ್ತಾಪ ಇಲ್ಲ.

ದಿನ ಗೊತ್ತು ಮಾಡುವಾಗ

ಅಡಿಕೆ ಕೊಯ್ಲಿನಲ್ಲಿ ಬೇಡ, ನಾಟಿಯಲ್ಲಿ ಬೇಡ. ಏಪ್ರಿಲ್, ಮೇ ಒಳ್ಳೆಯದು. ಹೊಸ ಆರ್ಥಿಕ ವರ್ಷದ ಹಣವೂ ಆಗ ಬರಲು ಶುರುವಾಗಿರುತ್ತದೆ, ಮಳೆಗೂ ಮುಂಚೆ ತಂಡ ತಯಾರಾಗುತ್ತದೆ. ಮದುವೆಗಳ ಮುಹೂರ್ತ ನೋಡಿಕೊಳ್ಳಿ, ಅಷ್ಟೆ.

ತರಬೇತಿಯಲ್ಲಿ ಅರ್ಧ ಗಂಟೆ ಕಾನೂನಿಗೂ ಇಡಿ. 'ಮುಟ್ಟಿದರೆ ಪೊಲೀಸ್ ಕೇಸ್ ನಮ್ಮ ಮೇಲೆ' ಅನ್ನುವ ಹೆದರಿಕೆ ಇನ್ನೂ ಇದೆ. ಸಹಾಯಕ್ಕೆ ಬಂದವರನ್ನು ಕಾಪಾಡಲು ಕರ್ನಾಟಕದಲ್ಲಿ ಕಾಯ್ದೆಯೇ ಇದೆ ಅನ್ನುವುದನ್ನು ಅಲ್ಲಿ ತಿಳಿಸಿ.

ಮುಗಿದ ಮೇಲೆ ಖರ್ಚಿನ ರಸೀದಿ, ಹಾಜರಿ, ನಾಲ್ಕು ಫೋಟೊಗಳನ್ನು ದುಡ್ಡು ಕೊಟ್ಟ ಎಲ್ಲರಿಗೂ ಒಂದು ತಿಂಗಳೊಳಗೆ ಕಳಿಸಿ. ಎರಡನೇ ಸಲ ಕೇಳಲು ಬಾಯಿ ಬರುವುದು ಇದರಿಂದಲೇ. ತಂಡದವರ ಹೆಸರು, ನಂಬರ್ ಇರುವ ಹಾಳೆಯನ್ನು ಡೇರಿ, ನ್ಯಾಯಬೆಲೆ ಅಂಗಡಿ, ಆರೋಗ್ಯ ಉಪಕೇಂದ್ರಗಳಲ್ಲಿ ಅಂಟಿಸಿ. ನೆಟ್‌ವರ್ಕ್ ಸಿಗದ ಮಜರೆಗಳಿಗೆ ನಂಬರ್ ಜೊತೆಗೆ, ಯಾರ ಮನೆಗೆ ಓಡಬೇಕು ಅನ್ನುವುದನ್ನೂ ಬರೆಯಿರಿ.