ಕಾಲೇಜು ಪಟ್ಟಿ ಮಾಡುವ ಮುನ್ನ: ಮುಂಬೈ, ಪುಣೆಗೆ ಹೊಸದಾಗಿ ಬಂದ ಕನ್ನಡ ತಂದೆ-ತಾಯಿಗೆ

ವರ್ಗಾವಣೆಯ ಮೇಲೋ, ಹಿಂಜೆವಾಡಿಯ ಐಟಿ ಕೆಲಸಕ್ಕೋ ಕರ್ನಾಟಕದಿಂದ ಈ ಕಡೆ ಬಂದವರ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮಕ್ಕಳಿದ್ದರೆ, ಸಾಮಾನು ಬಿಚ್ಚಿ ಮುಗಿಯುವ ಮೊದಲೇ ಒಂದು ಪ್ರಶ್ನೆ ಶುರುವಾಗುತ್ತದೆ: ಇಲ್ಲಿ ಒಳ್ಳೆ ಕಾಲೇಜು ಯಾವುದು? ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಸಿಕ್ಕವರೂ ಅದನ್ನೇ ಕೇಳುತ್ತಾರೆ, ಪುಣೆಯ ಕನ್ನಡ ಸಂಘದಲ್ಲಿ ಸಿಕ್ಕವರೂ ಅದನ್ನೇ ಕೇಳುತ್ತಾರೆ. ಹೆಸರು ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಆದರೆ ಅದಕ್ಕೂ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಇಲ್ಲಿನ ಯಾವ ಸೀಟಿಗೆ ನಮ್ಮ ಮಗು ಅರ್ಹ?

ಎಂಜಿನಿಯರಿಂಗ್ ವಿಷಯವನ್ನೇ ತಗೊಳ್ಳೋಣ, ಜಾಸ್ತಿ ಜನ ಕೇಳುವುದು ಅದನ್ನೇ. ಮಹಾರಾಷ್ಟ್ರದಲ್ಲಿ ಎಂಎಚ್‌ಟಿ ಸಿಇಟಿ ಅನ್ನುವ ರಾಜ್ಯದ ಪ್ರವೇಶ ಪರೀಕ್ಷೆ ಬರೆದು, ಕ್ಯಾಪ್ ಅನ್ನುವ ಆನ್‌ಲೈನ್ ಹಂಚಿಕೆಯಲ್ಲಿ ಸೀಟು ಪಡೆಯಬೇಕು. ರಾಜ್ಯದ ಅಭ್ಯರ್ಥಿ ಅನ್ನಿಸಿಕೊಳ್ಳೋಕೆ ‘ಎ’, ‘ಬಿ’, ‘ಸಿ’ ಹೀಗೆ ಬೇರೆ ಬೇರೆ ವಿಧಗಳಿವೆ. ಹತ್ತು, ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸು ಮಾಡಿ, ಇಲ್ಲಿನ ಡೊಮಿಸೈಲ್ (ಕಾಯಂ ನಿವಾಸ) ಇರುವ ಅಥವಾ ಇಲ್ಲೇ ಹುಟ್ಟಿದ ಮಕ್ಕಳು ‘ಎ’. ಡೊಮಿಸೈಲ್ ಸರ್ಟಿಫಿಕೇಟಿಗೆ 15 ವರ್ಷ ಇಲ್ಲಿ ಇದ್ದ ದಾಖಲೆ ಬೇಕು. ಮೊನ್ನೆ ಮೊನ್ನೆ ಬಂದವರಿಗೆ ಅದು ಎಲ್ಲಿಂದ ಬರಬೇಕು? ಅಂಥವರ ಪೈಕಿ ಕೆಲವರಿಗೆ ‘ಸಿ’ ವಿಧ ಕೈ ಹಿಡಿಯುತ್ತದೆ. ತಂದೆ ಅಥವಾ ತಾಯಿ ಕೇಂದ್ರ ಸರ್ಕಾರದಲ್ಲೋ ಅದರ ಉದ್ಯಮದಲ್ಲೋ ನೌಕರಿಯಲ್ಲಿದ್ದು, ಕ್ಯಾಪ್ ಅರ್ಜಿಯ ಕೊನೇ ದಿನಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿ ಡ್ಯೂಟಿಗೆ ಹಾಜರಾಗಿರಬೇಕು. ಇದಕ್ಕೆ ಕಚೇರಿಯಿಂದ ನಿಗದಿತ ನಮೂನೆಯಲ್ಲಿ ಪತ್ರ ಬೇಕು. ಈ ಪರೀಕ್ಷೆ, ಹಂಚಿಕೆ ಎರಡನ್ನೂ ನಡೆಸುವ ಸಿಇಟಿ ಸೆಲ್‌ನ ಪುಸ್ತಿಕೆಯಲ್ಲಿರುವ ಆ ನಮೂನೆಯನ್ನೇ ಪ್ರಿಂಟ್ ತೆಗೆದು ಆಫೀಸಿಗೆ ಕೊಡಿ. ಸಾಮಾನ್ಯ ಸರ್ವಿಸ್ ಸರ್ಟಿಫಿಕೇಟ್ ತಂದು ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ.

ಇದ್ಯಾವುದಕ್ಕೂ ಸೇರದಿದ್ದರೆ ಮಗು ಹೊರ ರಾಜ್ಯದ ಅಭ್ಯರ್ಥಿ. ಆಗ ಉಳಿಯುವುದು ಖಾಸಗಿ ಕಾಲೇಜುಗಳ ಆಲ್ ಇಂಡಿಯಾ ಸೀಟು ಮತ್ತು ಕಾಲೇಜು ತಾನೇ ತುಂಬುವ ಸೀಟು. ಆಲ್ ಇಂಡಿಯಾ ಸೀಟಿಗೆ ಮೊದಲು ಲೆಕ್ಕಕ್ಕೆ ಬರುವುದು ಜೆಇಇ ಮೇನ್. ಹಾಗಾಗಿ ಖಾಸಗಿ ಕಂಪನಿಯ ಕೆಲಸಕ್ಕೆ ಬಂದವರ ಮಕ್ಕಳು ಜೆಇಇ ಮೇನ್ ಅನ್ನು ‘ಐಐಟಿಗೆ ಹೋಗೋರಿಗೆ ಮಾತ್ರ’ ಅಂತ ಬಿಡಬಾರದು. ಜಾತಿ ಪ್ರಮಾಣಪತ್ರದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಪಡೆದ ಒಬಿಸಿ ಪ್ರಮಾಣಪತ್ರ ಮಹಾರಾಷ್ಟ್ರದ ರಾಜ್ಯ ಸೀಟುಗಳಿಗೆ ನಡೆಯುವುದಿಲ್ಲ. ಪಟ್ಟಿಯನ್ನು ಓಪನ್, ಅಂದರೆ ಮೀಸಲಾತಿ ಇಲ್ಲದ ಲೆಕ್ಕದಲ್ಲೇ ಮಾಡಿ.

ಈಗ ಊರಿನ ಕಡೆ ತಿರುಗೋಣ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ, ಗೊತ್ತಾಗುವಷ್ಟರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅರ್ಜಿಯ ದಿನ ಮುಗಿದಿರುತ್ತದೆ. ಒಂದನೇ ಕ್ಲಾಸಿನಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲಿ ಒಂದನ್ನು ಅಲ್ಲಿ ಪಾಸು ಮಾಡಿದ್ದರೆ ಕೆಸಿಇಟಿ, ಅಂದರೆ ಕರ್ನಾಟಕದ ಸಿಇಟಿ ಸೀಟಿಗೆ ಅರ್ಹತೆ ಇದೆ. ಅಂದರೆ ಹುಬ್ಬಳ್ಳಿಯಲ್ಲಿ ಹತ್ತು ಮುಗಿಸಿ ಠಾಣೆಯಲ್ಲಿ ಹನ್ನೊಂದಕ್ಕೆ ಸೇರಿದ ಮಗುವಿಗೆ ಊರಿನ ಬಾಗಿಲು ಮುಚ್ಚಿಲ್ಲ. ಆದರೆ ಅಲ್ಲಿನ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಹನ್ನೆರಡನೇ ಕ್ಲಾಸಿನ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕಕ್ಕೆ ಅರ್ಧ ತೂಕ, ಸಿಇಟಿಗೆ ಅರ್ಧ. ಮುಂಬೈಯಲ್ಲಿ ‘ಬೋರ್ಡ್ ಎಕ್ಸಾಮ್ ಪಾಸಾದರೆ ಸಾಕು, ಸಿಇಟಿ ಒಂದೇ ನೋಡು’ ಅಂತ ಕೋಚಿಂಗ್ ಕ್ಲಾಸಿನವರು ಹೇಳುವುದು ಮಾಮೂಲು. ಕರ್ನಾಟಕವನ್ನೂ ಪಟ್ಟಿಯಲ್ಲಿ ಇಟ್ಟುಕೊಂಡವರು ಆ ಮಾತು ಕೇಳಬೇಡಿ, ಬೋರ್ಡ್ ಅಂಕ ಕೈಬಿಟ್ಟರೆ ಕೆಸಿಇಟಿಯೂ ಕೈಬಿಟ್ಟ ಹಾಗೆ.

ಇಲ್ಲೇ ಹುಟ್ಟಿ ಬೆಳೆದ ಕನ್ನಡ ಮಕ್ಕಳಿಗೂ ದಾರಿ ಇದೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಕೆಇಎ ಪ್ರತಿ ವರ್ಷ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಷರತ್ತುಗಳನ್ನು ಕೆಇಎ ಪುಸ್ತಿಕೆಯಲ್ಲಿ ಸಾಲು ಸಾಲಾಗಿ ಓದಿ. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು, ಓದು ಬರಹವೂ ಬರಬೇಕು. ನನಗೆ ಇದು ಸೀಟಿಗಿಂತ ದೊಡ್ಡ ವಿಷಯ. ಇರಲಿ, ಅದನ್ನು ಇನ್ನೊಮ್ಮೆ ಮಾತಾಡೋಣ. ಕರ್ನಾಟಕದ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಗೆ ಮಾತ್ರ ಊರು ಕೇರಿಯ ಪ್ರಶ್ನೆ ಇಲ್ಲ. ದೇಶದ ಯಾವ ಮೂಲೆಯವರೂ ಬರೆಯಬಹುದು. ಬೆಂಗಳೂರಿನ ಆರ್‌ವಿ, ಬಿಎಂಎಸ್, ಎಂ.ಎಸ್. ರಾಮಯ್ಯದಂಥ ಕಾಲೇಜುಗಳ ಒಂದು ಪಾಲು ಸೀಟು ಅದರಲ್ಲಿ ಬರುತ್ತದೆ.

ಅರ್ಹತೆ ಗೊತ್ತಾದ ಮೇಲೆ ಕಟ್‌ಆಫ್, ಅಂದರೆ ಯಾವ ಸೀಟು ಎಷ್ಟಕ್ಕೆ ಮುಚ್ಚಿತು ಅನ್ನುವುದನ್ನು ಓದಬೇಕು. ಸಿಇಟಿ ಸೆಲ್ ಹಾಕುವ ಹಿಂದಿನ ವರ್ಷದ ಕಟ್‌ಆಫ್ ಪಿಡಿಎಫ್ ನೂರಾರು ಪುಟ ಇರುತ್ತದೆ. ಮೊದಲ ಸಲ ತೆರೆದವರಿಗೆ ತಲೆ ಸುತ್ತು ಬರುತ್ತದೆ. ‘ಜಿ ಓಪನ್ ಎಚ್’ ಅಂತ ಬರೆದಿದ್ದರೆ ಜಿ ಅಂದರೆ ಎಲ್ಲರಿಗೂ ಇರುವ ಸೀಟು, ಓಪನ್ ಅಂದರೆ ಓಪನ್ ವರ್ಗ, ಎಚ್ ಅಂದರೆ ಹೋಮ್ ಯೂನಿವರ್ಸಿಟಿ. ಶುರುವಿನಲ್ಲಿ ಎಲ್ ಇದ್ದರೆ ಹುಡುಗಿಯರಿಗೆ ಮೀಸಲಾದ ಸೀಟು. ಕೊನೆಯಲ್ಲಿ ಒ ಇದ್ದರೆ ಬೇರೆ ವಿಶ್ವವಿದ್ಯಾಲಯದ ವ್ಯಾಪ್ತಿಯಿಂದ ಬಂದವರದು, ಎಸ್ ಇದ್ದರೆ ರಾಜ್ಯ ಮಟ್ಟದ್ದು. ‘ಎ’ ವಿಧದವರಿಗೆ ಹೋಮ್ ಯೂನಿವರ್ಸಿಟಿ ನಿರ್ಧಾರವಾಗುವುದು ಹನ್ನೆರಡನೇ ಕ್ಲಾಸು ಎಲ್ಲಿ ಪಾಸಾಯಿತು ಅನ್ನುವುದರ ಮೇಲೆ. ಠಾಣೆ, ನವಿ ಮುಂಬೈ ಎಲ್ಲ ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಪುಣೆ, ನಾಸಿಕ್ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಕ್ಕೆ. ಮುಂಬೈಯಲ್ಲಿ ಹನ್ನೆರಡು ಮುಗಿಸಿದ ಹುಡುಗ ಪುಣೆಯ ಕಾಲೇಜಿನ ಎಚ್ ಸಾಲು ನೋಡಿಕೊಂಡು ಖುಷಿ ಪಟ್ಟರೆ ಪ್ರಯೋಜನ ಇಲ್ಲ, ಅವನು ಒ ಸಾಲನ್ನು ನೋಡಬೇಕು. ಟಿಎಫ್‌ಡಬ್ಲ್ಯುಎಸ್ ಅಂತ ಇರುವುದು ಬೋಧನಾ ಶುಲ್ಕ ಮಾಫಿ ಸೀಟು. ಅದರ ಕಟ್‌ಆಫ್ ಸಾಮಾನ್ಯವಾಗಿ ಮೇಲಿರುತ್ತದೆ, ಅದನ್ನು ನೋಡಿ ಕಾಲೇಜನ್ನೇ ಪಟ್ಟಿಯಿಂದ ಹೊಡೆದುಹಾಕಬೇಡಿ.

ಅಲ್ಪಸಂಖ್ಯಾತ ಸಂಸ್ಥೆಗಳದ್ದು ಬೇರೆ ಲೆಕ್ಕ. ಚೆಂಬೂರಿನ ವಿವೇಕಾನಂದ ಸಂಸ್ಥೆಯ ವೆಸಿಟ್, ಬಾಂದ್ರಾದ ಥಡೋಮಲ್ ಶಹಾನಿ ಇವೆರಡೂ ಸಿಂಧಿ ಭಾಷಾ ಅಲ್ಪಸಂಖ್ಯಾತ ಕಾಲೇಜುಗಳು. ಸೀಟಿನ ದೊಡ್ಡ ಪಾಲು ಆ ಸಮುದಾಯಕ್ಕೆ ಹೋಗುತ್ತದೆ. ಒಟ್ಟು ಸೀಟು ಎಷ್ಟು ಅಂತ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ನಿಮ್ಮ ಸಾಲಿನಲ್ಲಿ ಎಷ್ಟು ಉಳಿಯುತ್ತದೆ ಅಂತ ನೋಡಿ.

ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನ ನಮ್ಮ ಮಗುವಿಗಿಂತ ಹಿಂದಿದ್ದಾರೆ ಅನ್ನುವ ಲೆಕ್ಕ, ಅದರ ಬಗ್ಗೆಯೂ ಹುಷಾರು. 2025ರಲ್ಲಿ ಎಂಎಚ್‌ಟಿ ಸಿಇಟಿಯ ಪಿಸಿಎಂ ಗುಂಪಿನ ಪರೀಕ್ಷೆ ಬರೆದವರು 4 ಲಕ್ಷಕ್ಕೂ ಹೆಚ್ಚು. ಅಂದರೆ ಒಂದು ಪರ್ಸೆಂಟೈಲಿನೊಳಗೆ 4 ಸಾವಿರಕ್ಕೂ ಜಾಸ್ತಿ ಮಕ್ಕಳು. ‘ಒಂದೇ ಒಂದು ಪರ್ಸೆಂಟೈಲ್ ಕಮ್ಮಿ’ ಅನ್ನುವ ಮಾತಿಗೆ ಅರ್ಥ ಇಲ್ಲ. ಮೆರಿಟ್ ನಂಬರ್ ಇಟ್ಟುಕೊಂಡು ಹೋಲಿಸಿ. ಅಂದಾಜಿಗೆ, ಮಗುವಿಗೆ 94 ಪರ್ಸೆಂಟೈಲ್ ಬಂದಿದ್ದರೆ, ಪಟ್ಟಿಯಲ್ಲಿ ಕಳೆದ ವರ್ಷ 95, 96ಕ್ಕೆ ಮುಚ್ಚಿದ ಕೆಲವು, 92ರಿಂದ 94ರವರೆಗಿನವು ಜಾಸ್ತಿ, 85ರ ಆಸುಪಾಸಿನವು ಧೈರ್ಯಕ್ಕೆ ಆಗುವಷ್ಟು ಇರಲಿ. ಈ ಕೊನೆಯ ಗುಂಪನ್ನು ಬರೆಯೋಕೆ ತಂದೆ-ತಾಯಿಗೆ ಮನಸ್ಸೇ ಬರುವುದಿಲ್ಲ. ಪಟ್ಟಿಗೆ ನೆಲ ಅಂತ ಇರುವುದು ಅದೇ.

ಕಳೆದ ವರ್ಷ ಠಾಣೆಯಲ್ಲಿ ಹುಬ್ಬಳ್ಳಿ ಕಡೆಯ ಪರಿಚಯದವರ ಮನೆಯಲ್ಲಿ ಕೂತಿದ್ದೆ. ಅಪ್ಪ ಕೇಂದ್ರದ ಉದ್ಯಮವೊಂದರಲ್ಲಿ ಇದ್ದಾರೆ, ‘ಸಿ’ ವಿಧದ ಪತ್ರ ಆಗಲೇ ತಂದಿದ್ದರು. ರಾತ್ರಿಯೆಲ್ಲ ಕೂತು ಎಕ್ಸೆಲ್‌ನಲ್ಲಿ ದೊಡ್ಡ ಪಟ್ಟಿ ಮಾಡಿ ಪ್ರಿಂಟ್ ತೆಗೆದಿದ್ದರು. ಕಂಪ್ಯೂಟರ್, ಐಟಿ, ಎಐ, ಡೇಟಾ ಸೈನ್ಸ್. ಬೇರೆ ಬ್ರಾಂಚ್ ಒಂದೂ ಇಲ್ಲ. ಮಗಳ ಕೈಗೆ ಪೆನ್ಸಿಲ್ ಕೊಟ್ಟು, ಸೀಟು ಸಿಕ್ಕರೂ ನೀನು ಹೋಗದ ಕಾಲೇಜಿಗೆ ಗೆರೆ ಎಳಿ ಅಂದೆವು. ಅವಳು ಸುಮ್ನೆ ಓದುತ್ತಾ ಹೋದಳು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲಿಗೆ ಗೆರೆ ಬಿದ್ದಿತ್ತು.

‘ಯಾಕವಾ, ಇದಕ್ಕೇನಾಗೇತಿ?’ ಅಂದರು ಅಪ್ಪ.

‘ಅಪ್ಪಾ, ಇಲ್ಲಿ ಹೋಗಿ ಬರೂದ್ರಾಗ ದಿನಾ ಮುಗಿತದ. ನಾ ಹೋಗಂಗಿಲ್ಲ. ಮತ್ತ ನನಗ ಇಲೆಕ್ಟ್ರಾನಿಕ್ಸ್ ಬೇಕು, ನೀವು ಒಂದೂ ಹಾಕಿಲ್ಲ.’

ಮನೆಯ ಹಳೇ ರೇಡಿಯೊ ಬಿಚ್ಚಿ ಜೋಡಿಸಿ ಹಾಡಿಸಿದವಳು ಅವಳೇ ಅಂತ ಆಮೇಲೆ ಅಮ್ಮ ಹೇಳಿದರು. ಮತ್ತೆ ಕಟ್‌ಆಫ್ ತೆರೆದು ನೋಡಿದೆವು. ಕಂಪ್ಯೂಟರ್ ಬ್ರಾಂಚಿಗೆ ಅವಳ ನಂಬರು ಮುಟ್ಟದ ಕಾಲೇಜುಗಳಲ್ಲೇ ಇಲೆಕ್ಟ್ರಾನಿಕ್ಸ್ ಅಂಡ್ ಟೆಲಿಕಮ್ಯುನಿಕೇಶನ್ ಅವಳ ಕೈಗೆಟುಕುವ ಹಾಗಿತ್ತು. ಪಟ್ಟಿ ಗಾತ್ರದಲ್ಲಿ ಸಣ್ಣದಾಯಿತು, ಆದರೆ ಪ್ರತಿ ಸಾಲೂ ಅವಳು ಒಪ್ಪಿದ್ದು. ಹುಬ್ಬಳ್ಳಿಯ ಎಸ್ಸೆಸ್ಸೆಲ್ಸಿ ಇದ್ದದ್ದರಿಂದ ಕೆಸಿಇಟಿಯನ್ನೂ ಬರೆದಿದ್ದಳು. ಅಜ್ಜಿ ಮನೆಯಿಂದ ಹೋಗಿ ಬರಬಹುದಾದ ಒಂದು ಕಾಲೇಜು ಅವಳ ಖಾತ್ರಿ ಸೀಟಾಯಿತು. ಮಗುವೇ ಗೆರೆ ಎಳೆಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಾಲ್ಕು ವರ್ಷ ಆ ಗೇಟಿನೊಳಗೆ ಹೋಗುವುದು ಅವರು, ನಾವಲ್ಲ ಅಲ್ವಾ?

ಕ್ಯಾಪ್‌ಗೆ ಕಾಲೇಜುಗಳ ಆಯ್ಕೆ ತುಂಬುವ ಆಪ್ಷನ್ ಫಾರ್ಮಿನಲ್ಲಿ ಸಾಲುಗಳ ಕ್ರಮ ಬಹಳ ಮುಖ್ಯ. ಎಷ್ಟೋ ಜನ ಹೆದರಿ, ಸಿಕ್ಕೇ ಸಿಗುವ ಕಾಲೇಜನ್ನು ಮೇಲೆ ಹಾಕುತ್ತಾರೆ. ಹಾಗೆ ಮಾಡಬೇಡಿ. ಹಂಚಿಕೆ ಮೇಲಿನಿಂದ ಕೆಳಗೆ ಓದುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಇಳಿಯುತ್ತದೆ, ಆಸೆಯ ಕಾಲೇಜು ಮೊದಲು ಬರೆದದ್ದಕ್ಕೆ ಕೆಳಗಿನ ಸೀಟಿಗೆ ಏನೂ ನಷ್ಟ ಇಲ್ಲ. ಅದರ ಮೇಲೆ 2025ರ ನಿಯಮ ನೋಡಿ. ಮೊದಲ ಸುತ್ತಿನಲ್ಲಿ ಮೊದಲ ಆಯ್ಕೆ, ಎರಡನೇ ಸುತ್ತಿನಲ್ಲಿ ಮೊದಲ ಮೂರು, ಮೂರನೇ ಸುತ್ತಿನಲ್ಲಿ ಮೊದಲ ಆರು ಆಯ್ಕೆಗಳಲ್ಲಿ ಒಂದು ಸಿಕ್ಕರೆ ಸೀಟು ತಾನಾಗಿ ಫ್ರೀಜ್. ಮುಂದಿನ ಸುತ್ತಿಗೆ ಅವಕಾಶ ಇಲ್ಲ. ಖಾತ್ರಿ ಕಾಲೇಜನ್ನು ಒಂದನೇ ಸಾಲಿಗೆ ಹಾಕಿದವರು ಅಲ್ಲಿಗೇ ಕಟ್ಟಿಬೀಳುತ್ತಾರೆ. ಮಗು ಮನಸಾರೆ ಬಯಸುವ ಕ್ರಮದಲ್ಲೇ ಬರೆಯಿರಿ, ಖಾತ್ರಿಯವು ಕೆಳಗೆ ಇರಲಿ. ಈ ಫಾರ್ಮಿನಲ್ಲಿ 300ರವರೆಗೆ ಆಯ್ಕೆ ಹಾಕಬಹುದು, ಜಾಗಕ್ಕೆ ಬರ ಇಲ್ಲ.

ಓಡಾಟವನ್ನು ಕಾಗದದ ಮೇಲೆ ಲೆಕ್ಕ ಹಾಕಬೇಡಿ. ಡೊಂಬಿವಲಿಯಿಂದ ಮಾಟುಂಗಾದ ವಿಜೆಟಿಐಗೆ ಹೋಗುವ ಮಗು ಬೆಳಗಿನ ಭರ್ತಿ ಗಾಡಿ ಹತ್ತಬೇಕು. ಅದೇ ಡೊಂಬಿವಲಿಯಿಂದ ಕಲ್ಯಾಣ, ಕರ್ಜತ್ ಕಡೆಯ ಕಾಲೇಜಿಗೆ ಹೊರಟರೆ ಜನ ಎದುರು ದಿಕ್ಕಿನಲ್ಲಿರುತ್ತಾರೆ, ಕೂರೋಕೂ ಜಾಗ ಸಿಕ್ಕೀತು. ಹಿಂಜೆವಾಡಿಯಲ್ಲಿ ಮನೆ ಮಾಡಿದವರು ಧನಕವಡಿಯ ಪಿಐಸಿಟಿ, ಬಿಬ್‌ವೇವಾಡಿಯ ವಿಐಟಿ ಬರೆಯುವ ಮುಂಚೆ ಒಂದು ವಾರದ ದಿನ ಬೆಳಿಗ್ಗೆ ಎಂಟಕ್ಕೆ ಮಗುವಿನ ಜೊತೆ ಬಸ್ಸಿನಲ್ಲೇ ಹೋಗಿ ಬನ್ನಿ. ಭಾನುವಾರ ಕಾರಿನಲ್ಲಿ ಹೋಗಿ ‘ಹತ್ತಿರಾನೇ ಇದೆ’ ಅಂದವರು ಆಮೇಲೆ ಪಿಜಿ ಹುಡುಕುತ್ತಾರೆ. ಆ ಖರ್ಚನ್ನೂ ಫೀಜಿನ ಜೊತೆ ಕೂಡಿಸಿ. ಖಾಸಗಿ ಕಾಲೇಜಿನ ಫೀಜನ್ನು ಶುಲ್ಕ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡಿ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಅವರಿವರ ಬಾಯಿಮಾತು ಕೇಳುವ ಬದಲು ಅದನ್ನೇ ನೋಡಿ.

ಕಾಮರ್ಸ್, ಆರ್ಟ್ಸ್, ಸೈನ್ಸ್ ಪದವಿಗೆ ಮುಂಬೈಯಲ್ಲಿ ಮೊದಲು ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಪ್ರವೇಶಪೂರ್ವ ನೋಂದಣಿ ಮಾಡಬೇಕು. ಆಮೇಲೆ ರುಯಿಯಾ, ಪೋದ್ದಾರ್ ಹೀಗೆ ಪ್ರತಿ ಕಾಲೇಜಿಗೂ ಬೇರೆ ಅರ್ಜಿ. ಮೆರಿಟ್ ಲಿಸ್ಟ್ ಸಾಮಾನ್ಯವಾಗಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವುದರಿಂದ ಮನೆಯಲ್ಲಿ ಯಾರು ಯಾವ ಕಾಲೇಜಿಗೆ ಓಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಬಿಎಂಎಸ್ (ಮ್ಯಾನೇಜ್‌ಮೆಂಟ್ ಪದವಿ), ಬಿಬಿಎ, ಬಿಸಿಎಗೆ 2024ರಿಂದ ಪ್ರತ್ಯೇಕ ಸಿಇಟಿ ಇದೆ. ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಕಾಲೇಜಿದೆ, ಪುಣೆಯಲ್ಲಿ ಕನ್ನಡ ಸಂಘದ ಕಾವೇರಿ ಕಾಲೇಜಿದೆ. ನಮ್ಮವರು ಕಟ್ಟಿದ ಸಂಸ್ಥೆಗಳು ಅನ್ನುವ ಪ್ರೀತಿ ನನಗಿದೆ. ಬೇಕಾದ ಕೋರ್ಸ್ ಅಲ್ಲಿದ್ದರೆ ಖಂಡಿತ ಪಟ್ಟಿಗೆ ಸೇರಿಸಿ.

ಮಗು ಇನ್ನೂ ಹತ್ತರಲ್ಲಿದ್ದರೆ, ಹನ್ನೊಂದರ ಪ್ರವೇಶ 2025ರಿಂದ ಇಡೀ ರಾಜ್ಯಕ್ಕೆ ಆನ್‌ಲೈನ್ ಆಗಿದೆ. ಆ ವರ್ಷ 10 ಆಯ್ಕೆ ಕೊಡಬಹುದಿತ್ತು. ಮೊದಲ ಆಯ್ಕೆ ಸಿಕ್ಕರೆ ಸೇರಲೇಬೇಕು, ಇಲ್ಲವಾದರೆ ಮುಂದಿನ ಮಾಮೂಲಿ ಸುತ್ತುಗಳಿಂದ ಹೊರಗೆ.

ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಅರ್ಜಿ ಹಾಕಿದವರು ಎರಡರ ತಾರೀಖುಗಳನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ. ಪರೀಕ್ಷೆಯ ಅರ್ಜಿಗಳು ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೂ ಮೊದಲೇ ಶುರುವಾಗುತ್ತವೆ. ಇಲ್ಲಿ ಟಿಸಿಗೆ ಎಲ್‌ಸಿ ಅನ್ನುತ್ತಾರೆ. ಮೂಲ ಪ್ರತಿ ಒಂದೇ ಇರುತ್ತದೆ, ಒಂದು ಕಾಲೇಜಿಗೆ ಕೊಡುವ ಮೊದಲು ಸ್ಕ್ಯಾನ್ ಮಾಡಿ, ನಾಲ್ಕಾರು ಜೆರಾಕ್ಸ್ ಅಟೆಸ್ಟ್ ಮಾಡಿಸಿ ಇಟ್ಟುಕೊಳ್ಳಿ. ಒಂದು ಕಡೆ ಫೀಜು ಕಟ್ಟಿದ ಮೇಲೆ ಇನ್ನೊಂದು ಕಡೆ ಇಷ್ಟದ ಸೀಟು ಬಂದರೆ, ಪ್ರವೇಶ ರದ್ದು ಮಾಡುವ ಕೊನೇ ದಿನದೊಳಗೆ ಅರ್ಜಿ ಕೊಟ್ಟು ರಸೀದಿ ತಗೊಳ್ಳಿ. ಆ ದಿನ ದಾಟಿದರೆ ಹಣ ವಾಪಸ್ ಬರುವುದು ಕಷ್ಟ.